ಸಕ್ಕರೆ ಕಾಯಿಲೆ ಹತೋಟಿಗೆ ಬಂದು ಇನ್ಸುಲಿನ್ ನಿಂತಿರುವ ಬೆಕ್ಕು: ಮನೆಗೆ ತರಬಹುದಾ?

ಸುಂಟಿಕೊಪ್ಪ_ಸೊಸೆ
ಎಲ್ಲರಿಗೂ ನಮಸ್ಕಾರ. ಕುಶಾಲನಗರದಲ್ಲಿ ನಮ್ಮ ಪರಿಚಯದ ಒಬ್ಬರು ಟೀಚರ್ ಇದ್ದಾರೆ, ರಿಟೈರ್ ಆಗಿ ಈಗ ಮಗನ ಜೊತೆ ಇರಲು ವಿದೇಶಕ್ಕೆ ಹೊರಟಿದ್ದಾರೆ. ಅವರ ಬೆಕ್ಕಿಗೆ ಒಂದು ಮನೆ ಬೇಕು. ಹೆಸರು ಕಿತ್ಲೆ, ಬಣ್ಣವೂ ಅದೇ. ಗಂಡು, ಆಪರೇಷನ್ ಆಗಿದೆ, ವಯಸ್ಸು ಹತ್ತರ ಆಸುಪಾಸು. ಹೋದ ವರ್ಷ ಸಕ್ಕರೆ ಕಾಯಿಲೆ ಬಂದಿತ್ತು. ಮೈಸೂರಿನ ಡಾಕ್ಟರ್ ಹತ್ತಿರ ತೋರಿಸಿ, ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಟ್ಟು, ಆಹಾರ ಬದಲಾಯಿಸಿದ್ದಾರೆ. ಕಳೆದ ಮಳೆಗಾಲ ಮುಗಿದ ಮೇಲೆ ಇನ್ಸುಲಿನ್ ಬೇಕೇ ಆಗಿಲ್ಲ, ಈಗ ರೆಮಿಷನ್‌ನಲ್ಲಿ ಇದ್ದಾನೆ ಅಂತಾರೆ.

ನನಗೆ ಇಷ್ಟ ಇದೆ, ನಮ್ಮ ಯಜಮಾನರಿಗೂ ಪರವಾಗಿಲ್ಲ. ನಮ್ಮದು ತೋಟದ ಮನೆ. ಅತ್ತೆಯವರು ಬೆಕ್ಕು ಕಂಡರೆ ಸುಮ್ನೆ ಇರುವವರಲ್ಲ, ಅನ್ನ ಹಾಲು ಕಲಸಿ ಇಟ್ಟುಬಿಡುತ್ತಾರೆ. ಕಾಯಿಲೆ ಮತ್ತೆ ಬಂದರೆ ಏನು ಮಾಡೋದು? ಇಲ್ಲಿ ಯಾರಾದರೂ ಇಂಥ ಬೆಕ್ಕು ಸಾಕಿದ್ದೀರಾ?

ಪಾಲಿಬೆಟ್ಟ_ಪಾಪು
ಅಕ್ಕ, ಬೇಜಾರು ಮಾಡ್ಕೋಬೇಡಿ, ಮರಿ ಬೆಕ್ಕುಗಳು ತೋಟದ ಕೆಲಸದವರ ಎಲ್ಲಾ ಲೈನ್ ಮನೆ ಹತ್ತಿರವೂ ಬೇಕಾದಷ್ಟು ಇವೆ. ಹತ್ತು ವರ್ಷದ ಕಾಯಿಲೆ ಬೆಕ್ಕು ಯಾಕೆ? ಮೈಸೂರಿಗೆ ಓಡಾಡಿ ಸಾಕಾಗುತ್ತದೆ.

ನಾಪೋಕ್ಲು_ಆಂಟಿ
ಪಾಪು, ಮರಿಗೆ ಮನೆ ಸಿಗುತ್ತದೆ, ಇವನಿಗೆ ಸಿಗಲ್ಲ. ಅದಕ್ಕೇ ತಾನೇ ಆ ಹುಡುಗಿ ಕೇಳುತ್ತಿರೋದು. ತಗೋ ಮಗಳೇ, ಆದರೆ ಅತ್ತೆ ಜೊತೆ ಮೊದಲು ಮಾತಾಡು, ಆಮೇಲೆ ಬೆಕ್ಕು.

ಮೈಸೂರು_ಮೀಸೆ
ನಮ್ಮ ಮನೆಯಲ್ಲಿ ಇಂಥದ್ದೇ ಒಬ್ಬಳು ಇದ್ದಳು. ಇನ್ಸುಲಿನ್ ನಿಂತ ಮೇಲೆ ಕೆಲವು ವರ್ಷ ಚೆನ್ನಾಗಿಯೇ ಇದ್ದಳು, ಕೊನೆಗೆ ಹೋಗಿದ್ದು ಕಿಡ್ನಿ ತೊಂದರೆಯಿಂದ, ಸಕ್ಕರೆಯಿಂದ ಅಲ್ಲ. ದಿನದ ಕೆಲಸ ಅಂತ ನೋಡಿದರೆ ಮಾಮೂಲಿ ಬೆಕ್ಕಿಗಿಂತ ಜಾಸ್ತಿ ಏನಿಲ್ಲ. ಒಣ ಕಾಳಿನ ಪ್ಯಾಕೆಟ್ ಮನೆಗೆ ತರಲೇಬಾರದು, ಅಷ್ಟೇ. ತಂದರೆ ಯಾರಾದರೂ ಹಾಕಿಯೇ ಹಾಕುತ್ತಾರೆ.

ದನದ_ಡಾಕ್ಟರ್
ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ಹೆಚ್ಚು ನೋಡಿದ್ದು ದನ, ಹಂದಿ, ನಾಯಿ. ಬೆಕ್ಕು ಬರುತ್ತಿದ್ದದ್ದು ಕಡಿಮೆ, ಬಂದರೂ ತೀರಾ ಬಿದ್ದುಹೋದ ಮೇಲೆ ಗೋಣಿಚೀಲದಲ್ಲಿ. ಆದರೂ ಈ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದ ಆಗುತ್ತದೆ.

ಬೆಕ್ಕಿನ ಸಕ್ಕರೆ ಕಾಯಿಲೆ ಬಹುಪಾಲು ನಮ್ಮ ಎರಡನೇ ಬಗೆಯ ಡಯಾಬಿಟಿಸ್ ಥರ. ಇನ್ಸುಲಿನ್ ತಯಾರಾಗುತ್ತದೆ, ಸಾಲುವುದಿಲ್ಲ, ಮೈಯೂ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ದಪ್ಪ ಆದ, ಮನೆಯೊಳಗೇ ಇರುವ, ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ಜಾಸ್ತಿ. ರಕ್ತದಲ್ಲಿ ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ಆ ಸಕ್ಕರೆಯೇ ಮೇದೋಜೀರಕ ಗ್ರಂಥಿಯ ಕಣಗಳನ್ನು ಸುಸ್ತು ಮಾಡುತ್ತದೆ, ಆಗ ಇನ್ಸುಲಿನ್ ಇನ್ನೂ ಕಡಿಮೆ. ಶುರುವಿನಲ್ಲೇ ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿದರೆ ಆ ಕಣಗಳಿಗೆ ವಿಶ್ರಾಂತಿ ಸಿಗುತ್ತದೆ, ಕೆಲವು ಚೇತರಿಸಿಕೊಳ್ಳುತ್ತವೆ. ಹಾಗೆ ಇನ್ಸುಲಿನ್ ಇಲ್ಲದೆ ನಾಲ್ಕು ವಾರವಾದರೂ ಸಕ್ಕರೆ ಸರಿಯಾಗಿ ನಿಂತರೆ ರೆಮಿಷನ್ ಅಂತಾರೆ. ಸಾಮಾನ್ಯವಾಗಿ ಇದು ಚಿಕಿತ್ಸೆಯ ಮೊದಲ ಆರು ತಿಂಗಳೊಳಗೆ ಆಗುತ್ತದೆ. ನಾಯಿಗಳಲ್ಲಿ ಇದು ತೀರಾ ಅಪರೂಪ.

ಆದರೆ ಚೇತರಿಸಿಕೊಂಡ ಕಣ ಕೆಲವು ಮಾತ್ರ. ಹಾಳಾಗಿದ್ದು ಹಾಳಾಗಿಯೇ ಇರುತ್ತದೆ. ಇದು ಬೂದಿ ಮುಚ್ಚಿದ ಕೆಂಡ, ಆರಿದ ಒಲೆ ಅಲ್ಲ. ಸುಮಾರು ನಾಲ್ಕರಲ್ಲಿ ಒಂದು, ಮೂರರಲ್ಲಿ ಒಂದು ಬೆಕ್ಕಿಗೆ ಮತ್ತೆ ಬರುತ್ತದೆ. ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು, ಆದರೆ ಕರೆದು ತರುವವರು ಯಾರು ಅಂತ ಹೇಳಬಹುದು. ಮೈ ದಪ್ಪ ಆಗುವುದು, ಪಿಷ್ಟ ಜಾಸ್ತಿ ಇರುವ ಆಹಾರ, ಹಲ್ಲು ಒಸಡಿನ ಸೋಂಕು, ಮೂತ್ರದ ಸೋಂಕು, ಮತ್ತೆ ಎಲ್ಲಕ್ಕಿಂತ ಮುಖ್ಯ ಸ್ಟಿರಾಯ್ಡ್.

ನಮ್ಮ ಊರಿನಲ್ಲಿ ಸ್ಟಿರಾಯ್ಡ್ ಮಾತು ಜೋರಾಗಿಯೇ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೆಲ್ಲ ತೇವ, ಚಿಗಟ, ಬೆಕ್ಕು ಕೆರೆದುಕೊಂಡು ಕೂದಲು ಉದುರಿಸಿಕೊಳ್ಳುತ್ತದೆ. ಕರೆದುಕೊಂಡು ಹೋದರೆ ಒಂದು ಇಂಜೆಕ್ಷನ್, ಮೂರು ದಿನದಲ್ಲಿ ಕೆರೆತ ಮಾಯ, ಎಲ್ಲರಿಗೂ ಖುಷಿ. ಅದು ವಾರಗಟ್ಟಲೆ ಮೈಯಲ್ಲಿ ಉಳಿಯುವ ಸ್ಟಿರಾಯ್ಡ್ ಆಗಿದ್ದರೆ ಇವನಂಥ ಬೆಕ್ಕಿನ ಸಕ್ಕರೆ ಮತ್ತೆ ಏರುತ್ತದೆ, ಒಮ್ಮೆ ಹಾಕಿದ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲ. ಯಾವ ಡಾಕ್ಟರ್ ಹತ್ತಿರ ಹೋದರೂ, ನೆಗಡಿಗೆ ಹೋದರೂ, ಮೊದಲ ಮಾತೇ ‘ಇವನಿಗೆ ಡಯಾಬಿಟಿಸ್ ಇತ್ತು’ ಅಂತ ಇರಲಿ. ಲಸಿಕೆ ಪುಸ್ತಕದ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಡಿ. ಚಿಗಟಕ್ಕೆ ಕುತ್ತಿಗೆ ಹಿಂದೆ ಹಾಕುವ ಔಷಧಿಯನ್ನು ಮಳೆಗೆ ಮುಂಚೆಯೇ ಶುರು ಮಾಡಿ. ಬೆಕ್ಕಿನದ್ದೇ ತರಬೇಕು, ನಾಯಿಯದ್ದು ಹಾಕಿದರೆ ಕೆಲವು ಬೆಕ್ಕಿಗೆ ವಿಷ.

ಕಾಫಿ_ಕಣ
ಡಾಕ್ಟ್ರೇ ಚೆನ್ನಾಗಿ ಹೇಳಿದಿರಿ. ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ತೋಟದ ಮನೆ ಬೆಕ್ಕು ಒಬ್ಬರ ಬೆಕ್ಕಲ್ಲ. ಬೆಳಿಗ್ಗೆ ನಿಮ್ಮ ಅಡುಗೆಮನೆ, ಹತ್ತು ಗಂಟೆಗೆ ಲೈನ್ ಮನೆ, ಮಧ್ಯಾಹ್ನ ತೋಟದ ಲೆಕ್ಕ ಬರೆಯುವ ರೈಟರ್ ಊಟದ ಡಬ್ಬಿ ಪಕ್ಕ, ಸಂಜೆ ಇನ್ನೆಲ್ಲೋ. ಒಬ್ಬರು ಅಕ್ಕಿ ರೊಟ್ಟಿ ಚೂರು ಹಾಕುತ್ತಾರೆ, ಒಬ್ಬರು ಮೀನು ಸಾರಿನ ಅನ್ನ. ಕಾಫಿ ಕುಯ್ಲಿನ ಸಮಯದಲ್ಲಿ ಕೆಲಸದವರು ಜಾಸ್ತಿ ಇರುತ್ತಾರಲ್ಲ, ಆಗ ನಮ್ಮ ಬೆಕ್ಕು ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ದುಂಡಗಾಗುತ್ತದೆ. ನಿಮ್ಮ ಅತ್ತೆ ಒಬ್ಬರೇ ಅಂತ ಅಂದುಕೊಂಡಿದ್ದೀರಿ, ಅಲ್ವಾ? ಅವರನ್ನು ಒಪ್ಪಿಸಬಹುದು. ಉಳಿದವರನ್ನು ಹೇಗೆ ಒಪ್ಪಿಸ್ತೀರಿ?

ಮನೆಯೊಳಗೇ ಇಟ್ಟುಕೊಳ್ಳಲು ಆಗುತ್ತದಾ ಅಂತ ಮೊದಲು ಯೋಚನೆ ಮಾಡಿ. ಹೇಗೂ ಹೊರಗೆ ಚಿರತೆ, ಹಾವು, ಹಂದಿಗೆ ಇಟ್ಟ ಉರುಳು. ಟೀಚರ್ ಮನೆಯಲ್ಲಿ ಅವನು ಒಳಗೆ ಇದ್ದವನಾ, ಹೊರಗೆ ತಿರುಗಿದವನಾ? ಒಳಗೆ ಇದ್ದವನಾದರೆ ನಿಮ್ಮ ಅರ್ಧ ಕಷ್ಟ ಮುಗಿಯಿತು.

ಸುಂಟಿಕೊಪ್ಪ_ಸೊಸೆ
ಅಣ್ಣ, ಒಳಗೇ ಇದ್ದವನು. ಟೆರೇಸ್ ತನಕ ಮಾತ್ರ. ನಮ್ಮ ಹಿಂದಿನ ವರಾಂಡಕ್ಕೆ ಕಬ್ಬಿಣದ ಜಾಲರಿ ಇದೆ, ಕೋತಿಗಳಿಗಾಗಿ ಹಾಕಿಸಿದ್ದು. ಅಲ್ಲಿ ಬಿಸಿಲು ಕಾಯಬಹುದು.

ಊಟದ ಬಗ್ಗೆ ಇನ್ನೂ ಸ್ವಲ್ಪ ಹೇಳಿ. ಟೀಚರ್ ಪೌಚ್‌ನಲ್ಲಿ ಬರುವ ಹಸಿ ಆಹಾರ ಮಾತ್ರ ಕೊಡುತ್ತಾರಂತೆ. ಮನೆಯಲ್ಲೇ ಕೋಳಿ ಬೇಯಿಸಿ ಹಾಕಿದರೆ ಆಗಲ್ವಾ? ಅತ್ತೆಗೂ ಏನೋ ಮಾಡಿ ಹಾಕಿದ ಸಮಾಧಾನ.

ಮೈಸೂರು_ಮೀಸೆ
ಬೆಕ್ಕು ಅಪ್ಪಟ ಮಾಂಸಾಹಾರಿ. ಅನ್ನ, ರೊಟ್ಟಿ, ಕಡುಬು ಯಾವುದೂ ಅದಕ್ಕೆ ಬೇಕಾಗಿಲ್ಲ. ಸಿಹಿ ರುಚಿಯೂ ಅದಕ್ಕೆ ಗೊತ್ತಾಗುವುದಿಲ್ಲ, ಹಾಗಂತ ಪಿಷ್ಟ ಸಕ್ಕರೆ ಆಗುವುದು ನಿಲ್ಲುತ್ತದಾ? ಇಲ್ಲ.

ಒಣ ಕಾಳಿನ ಪ್ಯಾಕೆಟ್ ಮೇಲೆ ಕಾರ್ಬೋಹೈಡ್ರೇಟ್ ಎಷ್ಟು ಅಂತ ಬರೆದಿರುವುದೇ ಇಲ್ಲ ಹೆಚ್ಚಾಗಿ. ನಾವೇ ಕಳೆದು ನೋಡಬೇಕು. ಪ್ರೋಟೀನ್ 32, ಕೊಬ್ಬು 10, ನಾರು 5, ತೇವಾಂಶ 10, ಬೂದಿ ಅಂಶ (ಅಂದರೆ ಖನಿಜ) 8 ಅಂತ ಇಟ್ಟುಕೊಳ್ಳಿ, ಒಟ್ಟು 65. ನೂರರಲ್ಲಿ ಉಳಿದ 35 ಪಿಷ್ಟ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಯ್ತಲ್ಲ.

ಪೌಚ್ ಆದರೂ ಕಣ್ಣು ಮುಚ್ಚಿ ತರಬೇಡಿ. ಪ್ರೋಟೀನ್ 9, ಕೊಬ್ಬು 3, ನಾರು 1, ಬೂದಿ 2, ತೇವಾಂಶ 82 ಇದ್ದರೆ ಉಳಿಯೋದು 3. ಮೂರೇ ಅಲ್ವಾ ಅನಿಸುತ್ತದೆ. ಆದರೆ ನೀರು ತೆಗೆದರೆ ಉಳಿಯುವ ಗಟ್ಟಿ ಪದಾರ್ಥವೇ 18, ಅದರಲ್ಲಿ 3 ಅಂದರೆ ಶೇಕಡ 17ರ ಹತ್ತಿರ. ಗ್ರೇವಿ ಗಟ್ಟಿಯಾಗಲು ಪಿಷ್ಟ ಸೇರಿಸಿರುತ್ತಾರೆ. ಹಾಗಾಗಿ ಗ್ರೇವಿಗಿಂತ ಜೆಲ್ಲಿ ಅಥವಾ ಮುದ್ದೆಯ ಥರ ಇರುವುದು ವಾಸಿ. ನೀರು ತೆಗೆದ ಲೆಕ್ಕದಲ್ಲಿ 12ರೊಳಗೆ ಇರಲಿ ಅಂತ ನಮ್ಮ ಡಾಕ್ಟರ್ ಹೇಳಿದ್ದರು. ಕಿತ್ಲೆ ಈಗ ಯಾವುದು ತಿನ್ನುತ್ತಿದ್ದಾನೋ ಅದನ್ನೇ ಮುಂದುವರಿಸಿ, ಮನೆ ಬದಲಾಗುವಾಗ ಊಟವೂ ಬದಲಾಯಿಸಲು ಹೋಗಬೇಡಿ.

ದನದ_ಡಾಕ್ಟರ್
ಕೋಳಿ ವಿಷಯಕ್ಕೆ ಒಂದು ಮಾತು. ಬೇಯಿಸಿದ ಕೋಳಿ ಮಾಂಸ ತಿಂಡಿಯಂತೆ ಸ್ವಲ್ಪ ಕೊಟ್ಟರೆ ತೊಂದರೆ ಇಲ್ಲ. ಅದನ್ನೇ ಮೂರು ಹೊತ್ತೂ ಹಾಕಿದರೆ ಕ್ಯಾಲ್ಸಿಯಂ ಇಲ್ಲ, ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅನ್ನುವ ಪೋಷಕಾಂಶವೂ ಸಾಲದು. ಟಾರಿನ್ ಬೇಯಿಸಿದ ನೀರಿಗೆ ಇಳಿದು ಹೋಗುತ್ತದೆ, ಆ ನೀರನ್ನೂ ಕೊಡಬೇಕು. ಅದು ಕಡಿಮೆ ಆದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಹಾಳು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟಿಸಲೇಬೇಡಿ. ಒಣಮೀನು ಉಪ್ಪು. ಹಬ್ಬದ ದಿನ ಪಂದಿ ಕರಿಯ ಕೊಬ್ಬಿನ ತುಂಡು ಯಾರಾದರೂ ಎಸೆಯುತ್ತಾರೆ. ಕೈಲ್‌ಪೊಳ್ದು, ಪುತ್ತರಿ ದಿನ ನೆಂಟರು ಬರುವ ಮುಂಚೆ ಬೆಕ್ಕನ್ನು ಒಂದು ಕೋಣೆಯಲ್ಲಿ ಹಾಕಿ ಬಾಗಿಲು ಹಾಕಿಬಿಡಿ.

ಅತ್ತೆಯವರಿಗೆ ಕೋಳಿ ತುಂಡಿನ ಜವಾಬ್ದಾರಿ ಕೊಡಿ, ಇದು ನನ್ನ ಸಲಹೆ. ದಿನಕ್ಕೆ ಒಂದು ಚಿಕ್ಕ ಬಟ್ಟಲು, ಮಸಾಲೆ ಇಲ್ಲ, ಅವರ ಕೈಯಿಂದಲೇ. ಬೇಡ ಅಂದರೆ ಕದ್ದು ಹಾಕುತ್ತಾರೆ.

ನಾಪೋಕ್ಲು_ಆಂಟಿ
ಡಾಕ್ಟ್ರಿಗೆ ಅತ್ತೆಯರ ಬಗ್ಗೆಯೂ ಒಳ್ಳೆ ಅನುಭವ ಇದೆ 😄

ಮಳೆಹುಳು
ಒಂದು ಡೌಟು. ಒಳಗೆ ಇಲಿ ಹಿಡಿದು ತಿಂದರೆ?

ದನದ_ಡಾಕ್ಟರ್
ಇಲಿಯಲ್ಲಿ ಪಿಷ್ಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆ ಲೆಕ್ಕಕ್ಕೆ ಅದು ಅಂಗಡಿಯ ಪೌಚ್‌ಗಿಂತ ಚೆನ್ನ. ತೊಂದರೆ ಇರೋದು ಇಲಿ ಪಾಷಾಣದ್ದು. ಕಾಫಿ ಗೋಡೌನ್‌ನಲ್ಲಿ ಇಟ್ಟ ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕಿಗೂ ಏರುತ್ತದೆ. ಬೆಕ್ಕು ಇರುವ ಮನೆಯಲ್ಲಿ ಪಾಷಾಣ ಬೇಡ.

ಪಾಲಿಬೆಟ್ಟ_ಪಾಪು
ಸರಿ, ಬೈಯಬೇಡಿ, ನಾನೂ ಓದುತ್ತಿದ್ದೇನೆ. ನನ್ನ ಪ್ರಶ್ನೆ: ಮತ್ತೆ ಬಂದಿದೆ ಅಂತ ಗೊತ್ತಾಗೋದು ಹೇಗೆ? ಬೆಕ್ಕು ಹೇಳುತ್ತದಾ? ದಿನಾ ಸೂಜಿ ಚುಚ್ಚಬೇಕಾ?

ಮೈಸೂರು_ಮೀಸೆ
ದಿನಾ ಬೇಡ. ನೀರಿನ ಬಟ್ಟಲು ನೋಡಿದರೆ ಸಾಕು. ಪೌಚ್ ತಿನ್ನುವ ಬೆಕ್ಕು ನೀರು ಕುಡಿಯೋದೇ ಕಡಿಮೆ, ಊಟದಲ್ಲೇ ನೀರು ಇದೆಯಲ್ಲ. ಅಂಥದ್ದು ಬಟ್ಟಲ ಮುಂದೆ ಕೂತು ಕುಡಿಯುತ್ತಲೇ ಇದ್ದರೆ ಏನೋ ಆಗಿದೆ ಅಂತ ಅರ್ಥ. ಅಳತೆ ಬೇಕಾದರೆ, ಮೈ ತೂಕದ ಒಂದು ಕೆಜಿಗೆ ದಿನಕ್ಕೆ 50 ಮಿಲಿ ದಾಟಿದರೆ ಅನುಮಾನ ಪಡಿ, 100 ದಾಟಿದರೆ ಡಾಕ್ಟರ್ ಹತ್ತಿರ ಓಡಿ. ಮರಳಿನ ಟ್ರೇಯಲ್ಲಿ ಮೂತ್ರದ ಉಂಡೆಗಳು ದೊಡ್ಡದಾಗುತ್ತವೆ, ಅದೂ ಕಾಣುತ್ತದೆ. ಹೊರಗೆ ತಿರುಗುವ ಬೆಕ್ಕಿನಲ್ಲಿ ಇದ್ಯಾವುದೂ ಕಾಣಲ್ಲ, ಅದಕ್ಕೇ ಒಳಗೆ ಇರಲಿ ಅನ್ನೋದು.

ತೂಕ ತಿಂಗಳಿಗೊಮ್ಮೆ. ಚೆನ್ನಾಗಿ ತಿನ್ನುತ್ತಾ ಇಳಿಯುತ್ತಿದ್ದರೆ ಕೆಟ್ಟದ್ದು. ಐದು ಕೆಜಿ ಬೆಕ್ಕಿನಲ್ಲಿ ಕಾಲು ಕೆಜಿ ಅಂದರೆ ಕಡಿಮೆ ಅಲ್ಲ.

ಕಾಫಿ_ಕಣ
ತೂಕಕ್ಕೆ ತೋಟದಲ್ಲಿ ಕಾಫಿ ಹಣ್ಣು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆಯಲ್ಲ. ಬುಟ್ಟಿಯಲ್ಲಿ ಕೂರಿಸಿ ತೂಗಿ. ಆದರೆ ಕೆಲವು ತಕ್ಕಡಿ 50, 100 ಗ್ರಾಂ ಲೆಕ್ಕದಲ್ಲಿ ಜಿಗಿಯುತ್ತದೆ, ನೋಡಿಕೊಳ್ಳಿ. ರೈಟರ್ ಆ ತೂಕವನ್ನೂ ಪುಸ್ತಕದಲ್ಲಿ ಬರೆದುಬಿಟ್ಟಾರು.

ದನದ_ಡಾಕ್ಟರ್
ಗ್ಲುಕೋಮೀಟರ್ ಬಗ್ಗೆ. ಕಿವಿಯ ಅಂಚಿನಲ್ಲಿ ಒಂದು ಹನಿ ರಕ್ತ ಸಾಕು. ಮಳೆಗಾಲದಲ್ಲಿ ಕಿವಿ ತಣ್ಣಗಿದ್ದರೆ ರಕ್ತ ಬರಲ್ಲ, ಬೆಚ್ಚಗಿನ ಬಟ್ಟೆ ಅರ್ಧ ನಿಮಿಷ ಒತ್ತಿ. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದರೂ ಏರುತ್ತಿದೆಯಾ ಇಲ್ವಾ ಅಂತ ತಿಳಿಯಲು ಉಪಯೋಗ. ಪ್ರಾಣಿಗಳಿಗೆಂದೇ ಬರುವ ಮೀಟರ್ ಇದೆ, ಅದರ ಪಟ್ಟಿ ದುಬಾರಿ. ನೆಮ್ಮದಿಯಾಗಿರುವ ಬೆಕ್ಕಿನಲ್ಲಿ 80ರಿಂದ 120 ಆಸುಪಾಸು ಇರಬೇಕು. ಪದೇಪದೇ 180 ದಾಟಿದರೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ನೋಡಿದ ಒಂದು ನಂಬರ್ ನಂಬಿ ಮತ್ತೆ ಇನ್ಸುಲಿನ್ ಶುರು ಮಾಡಬೇಡಿ. ಬುಟ್ಟಿ, ಜೀಪು, ನಾಯಿ ಬೊಗಳುವ ಸದ್ದು, ಇಷ್ಟಕ್ಕೇ ಆರೋಗ್ಯವಂತ ಬೆಕ್ಕಿನ ಸಕ್ಕರೆಯೂ 300ರ ತನಕ ಹೋಗಬಹುದು. ಅದಕ್ಕೆ ಫ್ರಕ್ಟೋಸಮೈನ್ ಅಂತ ಒಂದು ರಕ್ತ ಪರೀಕ್ಷೆ ಇದೆ, ಹಿಂದಿನ ಒಂದೆರಡು ವಾರದ ಸರಾಸರಿ ತಿಳಿಯುತ್ತದೆ. ಟೀಚರ್ ಹತ್ತಿರ ಹಳೆಯ ರಿಪೋರ್ಟ್ ಇರಬೇಕು, ಕೇಳಿ ಪಡೆದುಕೊಳ್ಳಿ. ಬೆಕ್ಕಿಗಿಂತ ಮೊದಲು ಆ ಫೈಲ್ ನಿಮ್ಮ ಕೈಗೆ ಬರಲಿ. ಮೂತ್ರದ ಪಟ್ಟಿ ಅಗ್ಗ, ಆದರೆ ರಕ್ತದಲ್ಲಿ 250-290 ದಾಟಿದ ಮೇಲೇ ಮೂತ್ರದಲ್ಲಿ ಸಕ್ಕರೆ ಕಾಣೋದು, ಅಂದರೆ ತಡ.

ಗೋಣಿಕೊಪ್ಪ_ಮೆಡಿಕಲ್
ನಾನು ಮೆಡಿಕಲ್ ಶಾಪ್ ನಡೆಸುವವನು, ಇನ್ಸುಲಿನ್ ವಿಷಯದಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. ಬೇಕಾಗದೇ ಇರಲಿ, ಆದರೆ ಬೇಕಾದರೆ. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಎರಡು ಬಲದ್ದು, ಒಂದು ಮಿಲಿಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜ್ ಕೂಡ ಎರಡು ಥರ, 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಬೆಕ್ಕುಗಳಿಗೆ ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಅನ್ನುವ ಇನ್ಸುಲಿನ್ 100ರದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಒಂದು ಗೆರೆ ಎಳೆದರೆ ಹೋಗೋದು ಎರಡೂವರೆ ಯೂನಿಟ್. ಒಂದು ಯೂನಿಟ್ ಆಸುಪಾಸಿನಲ್ಲಿ ಶುರು ಮಾಡುವ ಪ್ರಾಣಿಗೆ ಅದು ಪ್ರಾಣಾಪಾಯ. ಅಂಗಡಿಯಲ್ಲಿ ಬೆಕ್ಕಿಗೆ ಅಂತ ಹೇಳಿ, ಯಾವ ಬಾಟಲಿಗೆ ಅಂತ ತೋರಿಸಿ, ಆಮೇಲೆ ಸಿರಿಂಜ್ ತಗೊಳ್ಳಿ.

ಕರೆಂಟ್ ಹೋದರೆ ಇನ್ಸುಲಿನ್ ಕೆಡುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ತೆರೆದ ಗ್ಲಾರ್ಜಿನ್ 30 ಡಿಗ್ರಿಯ ಒಳಗೆ 28 ದಿನ ಇರುತ್ತದೆ. ಜುಲೈನಲ್ಲಿ ನಮ್ಮ ಕಡೆ ಮನೆಯೊಳಗೆ ಅಷ್ಟು ಸೆಕೆ ಎಲ್ಲಿದೆ? ಕೆಡೋದು ಫ್ರೀಜರ್ ಪಕ್ಕ ಇಟ್ಟು ಹೆಪ್ಪುಗಟ್ಟಿದಾಗ.

ಮಳೆಹುಳು
ಇಂಜೆಕ್ಷನ್ ಬದಲು ಈಗ ಮಾತ್ರೆ ಬಂದಿದೆ ಅಂತ ಎಲ್ಲೋ ಓದಿದೆ.

ದನದ_ಡಾಕ್ಟರ್
ಬಂದಿದೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ಅನ್ನುವ ಬಾಯಿಗೆ ಹಾಕುವ ದ್ರವಕ್ಕೆ ಒಪ್ಪಿಗೆ ಸಿಕ್ಕಿದೆ. ಆದರೆ ಎರಡೂ ಈ ಮೊದಲು ಇನ್ಸುಲಿನ್ ತಗೊಳ್ಳದ ಬೆಕ್ಕುಗಳಿಗೆ. ಕಿತ್ಲೆ ಆ ಗುಂಪಿಗೆ ಸೇರುವುದಿಲ್ಲ. ರಕ್ತದ ಸಕ್ಕರೆ ಸರಿಯಾಗಿ ಕಂಡರೂ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಅನ್ನುವ ಆಮ್ಲ ರಕ್ತದಲ್ಲಿ ಏರಿ ಬೆಕ್ಕು ಸಾಯಬಹುದು, ಅದು ಈ ಔಷಧಿಯ ಕಷ್ಟ. ಮನೆಯಲ್ಲಿ ಯಜಮಾನರಿಗೆ ಬರೆದ ಇದೇ ಜಾತಿಯ ಮಾತ್ರೆ ಇದ್ದರೆ ಅದನ್ನು ಮುರಿದು ಬೆಕ್ಕಿಗೆ ಹಾಕುವ ಯೋಚನೆಯನ್ನೇ ಮಾಡಬೇಡಿ.

ಕಾಫಿ_ಕಣ
ಇನ್ನೊಂದು. ಪೌಚ್ ಎರಡು ಮೂರು ವಾರದ್ದು ಮೊದಲೇ ತಂದಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಹಟ್ಟಿಹೊಳೆ ಕಡೆ ರಸ್ತೆಯೇ ಇಲ್ಲದಂತೆ ಆಯ್ತಲ್ಲ. ಅಂಗಡಿಗೆ ಸಾಮಾನು ಬರದೇ ಇದ್ದಾಗ ಬೆಕ್ಕಿಗೆ ಅನ್ನವೇ ಗತಿ, ಇವನಿಗೆ ಅದು ಆಗಲ್ಲ.

ಸುಂಟಿಕೊಪ್ಪ_ಸೊಸೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್‌ಗೆ ಫೋನ್ ಮಾಡಿದೆ. ಫೈಲ್, ಗ್ಲುಕೋಮೀಟರ್ ಎರಡೂ ಕೊಡುತ್ತಾರಂತೆ, ಹೊರಡುವ ಮುಂಚೆ ಒಮ್ಮೆ ಫ್ರಕ್ಟೋಸಮೈನ್ ಮತ್ತು ಹಲ್ಲಿನ ತಪಾಸಣೆ ಮಾಡಿಸಲು ಒಪ್ಪಿದ್ದಾರೆ. ರಿಪೋರ್ಟ್ ಸರಿ ಇದ್ದರೆ ಕರೆದುಕೊಂಡು ಬರುತ್ತೇವೆ. ಸರಿ ಇಲ್ಲದಿದ್ದರೂ ಬಹುಶಃ ಕರೆದುಕೊಂಡೇ ಬರುತ್ತೇವೆ, ಅತ್ತೆ ಈಗಾಗಲೇ ಬಟ್ಟಲು ತೊಳೆದು ಇಟ್ಟಿದ್ದಾರೆ. ಹಾಲು ಹಾಕಬಾರದು ಅಂದದ್ದಕ್ಕೆ ಮಾತ್ರ ಇನ್ನೂ ಮುನಿಸು.

ನಾಪೋಕ್ಲು_ಆಂಟಿ
ಹಾಲು ಕುಡಿದರೆ ಭೇದಿ ಆಗಿ ಹಾಸಿಗೆ ಎಲ್ಲ ಹಾಳು ಅಂತ ಹೇಳು, ಸಕ್ಕರೆ ಕಾಯಿಲೆ ಅಂತ ಹೇಳಬೇಡ. ಹಾಸಿಗೆ ಅಂದರೆ ಒಪ್ಪುತ್ತಾರೆ.

ಸೋಮವಾರಪೇಟೆ_ಸಂಜೆ
ಸುಮ್ನೆ ಓದಿಕೊಂಡಿದ್ದೆ, ಈಗ ಭಯ ಆಗುತ್ತಿದೆ. ನಮ್ಮ ಬೆಕ್ಕೂ ಗಂಡು, ದಪ್ಪ ಇದ್ದ, ಈಗ ಬೆನ್ನುಮೂಳೆ ಕೈಗೆ ಸಿಗುತ್ತದೆ. ಬಚ್ಚಲಿನ ಬಕೆಟ್‌ನಿಂದ ನೀರು ಕುಡಿಯುತ್ತಾನೆ. ಹಿಂಗಾಲು ಬೆರಳಿನ ಮೇಲೆ ಊರದೆ ಹಿಮ್ಮಡಿ ತನಕ ನೆಲಕ್ಕೆ ಹಚ್ಚಿ ನಡೆಯುತ್ತಾನೆ. ವಯಸ್ಸಾಯಿತು ಅಂದುಕೊಂಡಿದ್ವಿ. ನಿನ್ನೆಯಿಂದ ಊಟ ಬಿಟ್ಟಿದ್ದಾನೆ, ಎರಡು ಸಲ ವಾಂತಿ.

ದನದ_ಡಾಕ್ಟರ್
ವಯಸ್ಸು ಅಲ್ಲ. ಹಿಮ್ಮಡಿ ಊರಿ ನಡೆಯೋದು ಸಕ್ಕರೆಯಿಂದ ನರಕ್ಕೆ ಪೆಟ್ಟು ಬಿದ್ದಾಗ ಆಗುವುದು. ಊಟ ಬಿಟ್ಟು ವಾಂತಿ ಅಂದರೆ ಕೀಟೋನ್ ಏರಿರಬಹುದು, ನಾಳೆ ತನಕ ಕಾಯುವ ವಿಷಯ ಅಲ್ಲ. ಈಗಲೇ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ ಡ್ರಿಪ್ ಹಾಕಲು ಆಗುತ್ತದಾ ಕೇಳಿ, ಆಗಲ್ಲ ಅಂದರೆ ನೇರ ಮೈಸೂರಿಗೆ ಗಾಡಿ ಮಾಡಿ. ದಾರಿಯಲ್ಲಿ ನೀರು ಬಲವಂತವಾಗಿ ಕುಡಿಸಬೇಡಿ. ಇತ್ತೀಚೆಗೆ ಕೆರೆತಕ್ಕೆ ಇಂಜೆಕ್ಷನ್ ಏನಾದರೂ ಹಾಕಿಸಿದ್ದಿರಾ?

ಸೋಮವಾರಪೇಟೆ_ಸಂಜೆ
ಹೌದು ಸರ್, ಎರಡು ಸಲ. ಚೀಟಿ ಹುಡುಕಿ ತಗೊಂಡು ಈಗ ಹೊರಡುತ್ತಿದ್ದೇವೆ.